ಬಾವಿಕಟ್ಟೆಯ ಪಾಚಿ: ಭಾನುವಾರದ ಕೆಲಸದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಬಾವಿಕಟ್ಟೆಯ ಮುರಕಲ್ಲಿಗೆ ಕೋಟಿಂಗ್ ಹೊಡೆದು ಎರಡು ಮಳೆಗಾಲ ಕಳೆಯಿತು. ಈಗ ಹಲಸಿನ ಮರದ ಬದಿ ಪೂರ್ತಿ ಹಸಿರು. 'ದುಡ್ಡು ದಂಡ' ಎಂದು ಕೆಲವರು ಬರೆದಿದ್ದೀರಿ. ಹಾಗೇನಿಲ್ಲ.

ನಾವು ಹೊಡೆದದ್ದು ನೀರು ಇಳಿಯದಂತೆ ತಡೆಯುವ ಸಿಲೇನ್ ದ್ರವ, ಪಾಚಿ ಕೊಲ್ಲುವ ಔಷಧಿ ಅಲ್ಲ. ಮೊದಲು ನೀರು ಕೆಸುವಿನೆಲೆ ಮೇಲಿನ ಹಾಗೆ ಉರುಳುತ್ತಿತ್ತು ಅಲ್ವಾ? ಬಿಸಿಲು ಮಳೆಗೆ ಮೇಲ್ಮೈಯ ಆ ಗುಣ ಬೇಗ ಹೋಗುತ್ತದೆ. ಒಳಗೆ ಇಳಿದದ್ದು ಇನ್ನೂ ಕೆಲಸ ಮಾಡುತ್ತಿರುತ್ತದೆ. ಹೊರಗೆ ಧೂಳು, ನೆರಳು, ತೇವ ಇದ್ದರೆ ಪಾಚಿಗೆ ಅಷ್ಟೇ ಸಾಕು.

ಭಾನುವಾರ ಬೆಳಿಗ್ಗೆ 8ಕ್ಕೆ ನೈಲಾನ್ ಬ್ರಷ್ ತನ್ನಿ. ಬರೀ ನೀರಲ್ಲಿ ಉಜ್ಜೋಣ. ಆಸಿಡ್, ಬ್ಲೀಚಿಂಗ್ ಪೌಡರ್ ಬೇಡ, ಕೆಳಗೆ ಕುಡಿಯುವ ನೀರಿದೆ. ಪ್ರೆಷರ್ ವಾಷರ್ ಬೇಡವೇ ಬೇಡ, ಮುರಕಲ್ಲು ಪುಡಿಯಾಗುತ್ತದೆ. ಬೂದು ಚಕ್ಕೆ ಕಂಡರೆ ಕೆರೆಯಬೇಡಿ. ಅದು ಕಲ್ಲುಹೂವು, ಮಸಾಲೆಗೆ ಹಾಕುತ್ತೇವಲ್ಲ, ಅದರ ನೆಂಟ. ಕಲ್ಲಿಗೆ ಬಿಗಿಯಾಗಿ ಅಂಟಿರುತ್ತದೆ, ಕಿತ್ತರೆ ಕಲ್ಲೂ ಜೊತೆಗೇ ಬರುತ್ತದೆ.

ಹೊಳೆಯುವ ಅಕ್ರಿಲಿಕ್ ಬಳಿಯೋಣ ಎಂಬ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ತೇವ ಒಳಗೇ ಸಿಕ್ಕಿಕೊಂಡು ಪದರ ಏಳುತ್ತದೆ. ಮೊದಲು ಆ ಹಲಸಿನ ಕೊಂಬೆ ಕಡಿಸೋಣ. ಕತ್ತಿ ಯಾರ ಮನೆಯಲ್ಲಿದೆ, ತಿಳಿಸಿ.