ಕುಷ್ಟಗಿ ರಸ್ತೆಯ ಆ ಲಾರಿ ಅಣ್ಣನಿಗೆ

ಅಣ್ಣಾ, ಆ ಗಡಿಬಿಡಿಯಲ್ಲಿ ನಿಮ್ಮ ಹೆಸರೂ ಕೇಳಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಳೆದ ತಿಂಗಳು ರಾತ್ರಿ, ಕುಷ್ಟಗಿ ಹತ್ತಿರ 50ನೇ ಹೆದ್ದಾರಿಯಲ್ಲಿ, ಹಿಂದೆ ಒಂದು ಲೈಟೂ ಇಲ್ಲದೆ, ರಿಫ್ಲೆಕ್ಟರ್ ಪಟ್ಟಿಯೂ ಇಲ್ಲದೆ ಢಾಬಾ ಮುಂದೆ ಅರ್ಧ ರಸ್ತೆಗೆ ನಿಲ್ಲಿಸಿದ್ದ ಲಾರಿಗೆ ನಮ್ಮ ಬೈಕ್ ಬಡಿಯಿತು. ಹಿಂದೆ ಕೂತಿದ್ದ ನನಗೆ ತರಚಿದ ಗಾಯ ಅಷ್ಟೇ. ಓಡಿಸುತ್ತಿದ್ದ ತಮ್ಮನ ತೊಡೆ ಸೀಳಿತ್ತು. ಆ ಲಾರಿಯವನು ಗಾಡಿ ಎತ್ತಿಕೊಂಡು ಹೋಗಿಯೇ ಬಿಟ್ಟ.

ಹಿಂದಿನಿಂದ ಭತ್ತದ ಲೋಡ್ ತಂದ ನೀವು ನಿಂತಿರಿ. ಮೊದಲು ಬೇವಿನ ತಪ್ಪಲು ಮುರಿದು ರಸ್ತೆಗೆ ಅಡ್ಡ ಹಾಕಿದಿರಿ, ಇನ್ನೊಂದು ಗಾಡಿ ಮೈಮೇಲೆ ಬರಬಾರದು ಅಂತ. ನನಗಂತೂ ಅದು ಹೊಳೆಯುತ್ತಲೇ ಇರಲಿಲ್ಲ. ಆಮೇಲೆ ಹೆಗಲ ಮೇಲಿನ ಟವೆಲ್ ಗಾಯಕ್ಕೆ ಇಟ್ಟು, 108 ಬರುವ ತನಕ ಕೈ ತೆಗೆಯದೆ ಒತ್ತಿ ಹಿಡಿದಿರಿ. "ಮಲಗಬ್ಯಾಡೋ ತಮ್ಮಾ, ನಿಮ್ಮೂರು ಯಾವ್ದು ಹೇಳು" ಅಂತ ಒಂದೇ ಸಮ ಮಾತಾಡಿಸಿದಿರಿ.

ಪೊಲೀಸರು ಬರುವ ಮೊದಲೇ ಹೊರಟಿರಿ. ಕೇಸು, ಸಾಕ್ಷಿ ಅಂತ ಹೆದರಿಕೆ ಇತ್ತು, ಅಲ್ವಾ? 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನೋ ಕಲಂ ಸೇರಿಸಿ, ನೆರವಾದವರಿಗೆ ರಕ್ಷಣೆ ಕೊಟ್ಟಿದ್ದಾರೆ.

ತಮ್ಮನ ಕಾಲಿಗೆ ರಾಡ್ ಹಾಕಿದ್ದಾರೆ, ಆರು ತಿಂಗಳು ಕೆಲಸ ಇಲ್ಲ, ಮನೆ ನಡೆಯುತ್ತಿದ್ದದ್ದೇ ಅವನ ದುಡಿಮೆಯಿಂದ. ಆದರೆ ಜೀವ ಇದೆ. ಅವ್ವ ನಿಮ್ಮ ಟವೆಲ್ ಎರಡು ಸಲ ಒಗೆದಳು, ಕಲೆ ಹೋಗಿಲ್ಲ, ಮಡಚಿ ಇಟ್ಟಿದ್ದಾಳೆ. ಈ ಕಡೆ ಬಂದರೆ ಅದೇ ಢಾಬಾದಲ್ಲಿ ಒಂದು ಮಾತು ಹೇಳಿ, ಅವರಿಗೆ ನಮ್ಮ ಮನೆ ಗೊತ್ತು.