ಬೇಲೆಕೇರಿಯ ಅದಿರು ಪ್ಲಾಟು ಸ್ವಚ್ಛ ಮಾಡಿಸಿ: ಬಂದರು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಮತ್ತು ಬಂದರು ಸಚಿವರಿಗೆ,

ನಮಸ್ಕಾರ. ಉತ್ತರ ಕನ್ನಡ ಜಿಲ್ಲೆಯ ಉಸ್ತುವಾರಿಯೂ ತಮ್ಮದೇ ಆದ್ದರಿಂದ ನನಗೆ ಎರಡು ಪತ್ರ ಬರೆಯುವ ಕೆಲಸ ತಪ್ಪಿತು.

ಕೇಣಿಯಲ್ಲಿ 4 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಖರ್ಚಿನ ಹೊಸ ಬಂದರಿನ ಮಾತು ನಡೆದಿದೆ. ಅದು ಬೇಕೋ ಬೇಡವೋ ಎಂಬ ಜಗಳ ಅಂಕೋಲೆಯಲ್ಲಿ ಸಾಕಷ್ಟು ಆಗಿದೆ. ಇಲ್ಲಿ ಅದನ್ನು ಎತ್ತುವುದಿಲ್ಲ. ನನ್ನ ಅಹವಾಲು ಹತ್ತಿರದ ಹಳೇ ಬಂದರಿನದು. ಬೇಲೆಕೇರಿಯಲ್ಲಿ ಕಬ್ಬಿಣದ ಅದಿರು ರಾಶಿ ಹಾಕಿದ್ದ ಸರ್ಕಾರಿ ಜಾಗವನ್ನು ಸ್ವಚ್ಛ ಮಾಡಿಸಿ. ಅದಕ್ಕೆ ಸರ್ಕಾರವೇ ದುಡ್ಡು ಹಾಕಬೇಕು.

ಹಿಂದಿನದು ತಮಗೆ ಗೊತ್ತಿರುವುದೇ. ಸಂಡೂರು, ಹೊಸಪೇಟೆ ಕಡೆಯ ಅದಿರು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಬರುತ್ತಿತ್ತು. ಬಂದರಿನ ಜಾಗವನ್ನು ಪ್ಲಾಟು ಮಾಡಿ ಕಂಪನಿಗಳಿಗೆ ಕೊಟ್ಟಿದ್ದರು. ಅಲ್ಲಿ ಗುಡ್ಡದಂತೆ ಸುರಿದು, ಬಾರ್ಜ್‌ನಲ್ಲಿ ತುಂಬಿ, ದೂರ ನಿಂತ ಹಡಗಿಗೆ ಒಯ್ಯುತ್ತಿದ್ದರು. 2010ರ ಮಾರ್ಚ್‌ನಲ್ಲಿ ಅಕ್ರಮ ಅದಿರೆಂದು ಸುಮಾರು 8 ಲಕ್ಷ ಟನ್ ಜಪ್ತಿ ಆಯಿತು. ಜಪ್ತಿಯಾದ ಮಾಲಿನಲ್ಲೇ ಬಹುಪಾಲು ಹಡಗು ಹತ್ತಿ ಹೋಯಿತು! ಅದೇ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಆಮೇಲೆ ಸಿಬಿಐ ಬಂತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆಯನ್ನೂ ವಿಧಿಸಿತು, ಅದರ ಮೇಲೆ ಮೇಲ್ಮನವಿ ಹೋಗಿದೆ. ಅದನ್ನು ಕೋರ್ಟು ನೋಡಿಕೊಳ್ಳಲಿ. ಕೇಸು ಮುಗಿಯುವ ತನಕ ನೆಲ ಹಾಗೇ ಬಿದ್ದಿರಬೇಕು ಅಂತೇನೂ ಇಲ್ಲವಲ್ಲ.

ಕಬ್ಬಿಣದ ಅದಿರು ಪಾದರಸದಂಥ ವಿಷ ಅಲ್ಲ, ಒಪ್ಪುತ್ತೇನೆ. ಅದನ್ನೇ ಹಿಡಿದುಕೊಂಡು 'ಬರೀ ಕೆಂಪು ಮಣ್ಣು ಮಾರಾಯ್ರೆ' ಎಂದು ತಳ್ಳಿಹಾಕುವವರು ಇದ್ದಾರೆ. ಆದರೆ ಬಂದರಿಗೆ ಬರುತ್ತಿದ್ದುದರಲ್ಲಿ ಹಿಟ್ಟಿನಂಥ ಪುಡಿಯೂ ಬೇಕಾದಷ್ಟಿತ್ತು. ನಮ್ಮ ಕಡೆ ಮಳೆ ಹೇಗೆ ಸುರಿಯುತ್ತದೆ ಅಂತ ತಮಗೆ ಹೇಳಬೇಕಾಗಿಲ್ಲ. ಆ ಪುಡಿ ನೀರಿನ ಜೊತೆ ಹರಿದು ದಡದ ಕೆಸರಿಗೆ ಸೇರುತ್ತದೆ. ಚಿಪ್ಪಿಕಲ್ಲು ನೀರನ್ನು ಸೋಸಿ ಬದುಕುವ ಜೀವ. ಪುಡಿ ಕೂತ ಕಡೆ ಅದು ಉಸಿರುಗಟ್ಟುತ್ತದೆ, ಹೊಸ ಮರಿ ಅಂಟಿಕೊಳ್ಳುವುದಿಲ್ಲ. ಅದನ್ನು ಆರಿಸಿ ಮಾರುವ ಹೆಂಗಸರಿಗೆ ಯಾವ ಪರಿಹಾರದ ಪಟ್ಟಿಯಲ್ಲೂ ಜಾಗ ಇಲ್ಲ. ಮೇಲಾಗಿ ಸಂಡೂರಿನ ನೆಲದಲ್ಲಿ ಮ್ಯಾಂಗನೀಸ್ ಇದೆ. ಲೋಡರು, ಲಾರಿಗಳ ಡೀಸೆಲ್ಲು, ಆಯಿಲ್ಲು ವರ್ಷಗಟ್ಟಲೆ ಸೋರಿದ್ದೂ ಅದೇ ಮಣ್ಣಿಗೆ. ಅದಕ್ಕೇ ಮೊದಲು ಮಣ್ಣು, ಬಾವಿ ನೀರು, ದಡದ ಕೆಸರು ಮೂರನ್ನೂ ಪರೀಕ್ಷೆ ಮಾಡಿಸಿ. ಎಷ್ಟು ಆಳ ತೆಗೆಯಬೇಕು, ಎಲ್ಲಿ ಬರೀ ಮುಚ್ಚಿ ಗಿಡ ನೆಟ್ಟರೆ ಸಾಕು ಅನ್ನುವುದು ಆಮೇಲಿನ ಮಾತು.

ದುಡ್ಡು ಎಲ್ಲಿಂದ ಅಂತ ತಮ್ಮ ಅಧಿಕಾರಿಗಳು ಕೇಳುತ್ತಾರೆ. ಗಣಿ ಹಾನಿ ಸರಿಪಡಿಸಲೆಂದೇ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಇದೆ. 2022ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 25 ಸಾವಿರ ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಆದರೆ ಅದು ಬಳ್ಳಾರಿ, ಚಿತ್ರದುರ್ಗ, ತುಮಕೂರು ಭಾಗಕ್ಕೆ ಮಾತ್ರ. ಗಣಿ ಕಂಪನಿಗಳಿಂದ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವೂ ಗಣಿಯ ಸುತ್ತಮುತ್ತಲಿಗೇ. ಕೇಂದ್ರದ 2024ರ ಮಾರ್ಗಸೂಚಿಯಲ್ಲಿ ನೇರ ಬಾಧಿತ ಪ್ರದೇಶ ಎಂದರೆ ಗಣಿಯಿಂದ 15 ಕಿ.ಮೀ., ಪರೋಕ್ಷ ಎಂದರೆ 25 ಕಿ.ಮೀ. ಬೇಲೆಕೇರಿ ಇರುವುದು 250 ಕಿ.ಮೀ.ಗೂ ದೂರದಲ್ಲಿ. ಗಣಿ ಊರಿನವರ ಪಾಲು ಕಿತ್ತು ಕೊಡಿ ಎನ್ನುತ್ತಿಲ್ಲ, ಅವರು ನಮಗಿಂತ ಜಾಸ್ತಿ ಧೂಳು ಕುಡಿದಿದ್ದಾರೆ. ಆದರೆ ಲಾರಿ ಹೊರಟ ಊರಿಗೆ ಲೆಕ್ಕ ಇದ್ದು, ಲಾರಿ ಖಾಲಿಯಾದ ಊರಿಗೆ ಇಲ್ಲ ಅಂದರೆ ಹೇಗೆ? ಈ ಒಂದು ಬಂದರನ್ನೂ ಸೇರಿಸಿ ಎಂದು ರಾಜ್ಯ ಸರ್ಕಾರ ಕೋರ್ಟಿನ ಮುಂದೆ ಅರ್ಜಿ ಹಾಕಬಹುದು. ಅದನ್ನು ಸಂಪುಟದಲ್ಲಿ ಎತ್ತಬೇಕಾದವರು ತಾವು.

ಇನ್ನೊಂದು ದಾರಿಯೂ ಇದೆ. ಕಲುಷಿತ ಜಾಗಗಳ ಬಗ್ಗೆ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊಸ ನಿಯಮ ತಂದಿದೆ. ಅನುಮಾನ ಇರುವ ಜಾಗವನ್ನು ಜಿಲ್ಲಾಡಳಿತ ಗುರುತಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು. ಹಾಳು ಮಾಡಿದವರೇ ಖರ್ಚು ಭರಿಸಬೇಕು. ಅವರು ಸಿಗದಿದ್ದರೆ ಸರ್ಕಾರಗಳು ದುಡ್ಡು ಹಾಕಬೇಕು. ಗಣಿಗಾರಿಕೆ ಈ ನಿಯಮದ ಹೊರಗಿದೆ, ಗೊತ್ತು. ಆದರೆ ಬೇಲೆಕೇರಿ ಗಣಿ ಅಲ್ಲ, ಬಂದರು. ಪ್ಲಾಟು ಬಾಡಿಗೆಗೆ ಕೊಟ್ಟಿದ್ದೂ ಬಂದರು ಇಲಾಖೆಯೇ. ಯಾರಿಗೆ ಯಾವ ಪ್ಲಾಟು ಅನ್ನುವ ಕಾಗದ ಇಲಾಖೆಯಲ್ಲೇ ಇರಬೇಕು, ಅಲ್ವಾ? ಮೊದಲು ಇಲಾಖೆ ಖರ್ಚು ಮಾಡಲಿ. ವಸೂಲಿ ನಿಧಾನಕ್ಕೆ ನಡೆಯಲಿ.

ಕೇಣಿಯ ವಿಷಯ ಎತ್ತುವುದಿಲ್ಲ ಎಂದಿದ್ದೆ. ಒಂದೇ ಒಂದು ಮಾತಿಗೆ ಎತ್ತುತ್ತೇನೆ. ಹೊಸ ಬಂದರಿನ ಯಾವುದೇ ಕರಾರಿನಲ್ಲಿ, ಬಿಟ್ಟು ಹೋಗುವಾಗ ಜಾಗ ಸ್ವಚ್ಛ ಮಾಡುವ ಖರ್ಚನ್ನು ಮುಂಗಡ ಠೇವಣಿಯಾಗಿ ಇಡಿಸಿಕೊಳ್ಳಿ. ಬೇಲೆಕೇರಿಯಲ್ಲಿ ಹಾಗೆ ಮಾಡಿದ್ದರೆ ಈ ಪತ್ರವೇ ಬೇಕಾಗುತ್ತಿರಲಿಲ್ಲ.

ಸ್ವಚ್ಛವಾದ ಜಾಗವನ್ನು ಇನ್ನೊಂದು ಕಂಪನಿಗೆ ಕೊಡಬೇಡಿ. ಬಲೆ ಹೆಣೆಯಲು ಮಾಡು, ಮೀನು ಒಣಗಿಸಲು ಕಟ್ಟೆ, ಹೆಂಗಸರಿಗೊಂದು ಶೌಚಾಲಯ ಆದರೆ ಸಾಕು. ಮಣ್ಣಿನ ಪರೀಕ್ಷೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಆಗಬೇಕು. ವರದಿ ಕನ್ನಡದಲ್ಲಿರಲಿ. ಅದರ ಒಂದು ಪ್ರತಿ ಬೇಲೆಕೇರಿ ಗ್ರಾಮ ಪಂಚಾಯ್ತಿಯ ನೋಟಿಸ್ ಬೋರ್ಡಿಗೆ ಬರಲಿ.

ಇಂತಿ,
ಅಂಕೋಲಾ ತಾಲೂಕಿನ ಒಬ್ಬ ನಿವಾಸಿ