ಬೀದರ್‌–ಶಿವಮೊಗ್ಗ ವಿಮಾನ: ‘ಒಂದೇ ಗಂಟೆ’ಯ ಲೆಕ್ಕ ಸಾಲದು

ಮಾನ್ಯ ಸಂಪಾದಕರೇ,

ಬೀದರ್‌–ಶಿವಮೊಗ್ಗ ನಡುವೆ ನೇರ ವಿಮಾನ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ‘ಒಂದೇ ಗಂಟೆಯ ಹಾದಿ’ ಎಂದು ನಂಬಿ ವೇಳಾಪಟ್ಟಿ ಕೇಳಿದರೆ ಕೆಲಸ ಕೆಡುತ್ತದೆ.

ದೂರವನ್ನು ಯಾರು ಬೇಕಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದು. ಎರಡೂ ನಿಲ್ದಾಣಗಳ ಅಕ್ಷಾಂಶದ ಅಂತರ 4.05 ಡಿಗ್ರಿ. ಡಿಗ್ರಿಗೆ 111 ಕಿ.ಮೀ.ಯಂತೆ ಸುಮಾರು 450 ಕಿ.ಮೀ. ರೇಖಾಂಶದ ಅಂತರ 1.88 ಡಿಗ್ರಿ. ಸಮಭಾಜಕದಿಂದ ದೂರ ಸರಿದಂತೆ ರೇಖಾಂಶಗಳು ಒತ್ತೊತ್ತಾಗುವುದರಿಂದ ನಮ್ಮ ಭಾಗದಲ್ಲಿ ಅದರ ಒಂದು ಡಿಗ್ರಿಗೆ 107 ಕಿ.ಮೀ. ಮಾತ್ರ, ಅಲ್ಲಿಗೆ 200 ಕಿ.ಮೀ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ನೇರ ದೂರ ಸುಮಾರು 490 ಕಿ.ಮೀ.

ಇಂಥ ಮಾರ್ಗಕ್ಕೆ ಹೊಂದುವುದು ಎಪ್ಪತ್ತು ಸೀಟಿನ ಆಸುಪಾಸಿನ ಎಟಿಆರ್‌ ಎಂಬ ಪ್ರೊಪೆಲ್ಲರ್‌ ವಿಮಾನ. ಗಂಟೆಗೆ 500 ಕಿ.ಮೀ. ಅದರ ಮೇಲ್ಮಟ್ಟದ ವೇಗ. ಏರುವಾಗ, ಇಳಿಯುವಾಗ ಅಷ್ಟಿರದು. ವಿಮಾನ ಗೆರೆ ಎಳೆದಂತೆ ಹಾರುವುದೂ ಇಲ್ಲ. ಬೀದರ್‌ ವಾಯುಪಡೆಯ ತರಬೇತಿ ನೆಲೆ. ಅಲ್ಲಿ ತರಬೇತಿ ನಡೆಯುವಾಗ ನಾಗರಿಕ ವಿಮಾನ ಸುತ್ತಿ ಬರಬೇಕಾಗಬಹುದು, ಕಾಯಬೇಕಾಗಲೂಬಹುದು. ಹೊರಡುವ ಮುನ್ನ ಮತ್ತು ಇಳಿದ ಮೇಲೆ ಟ್ಯಾಕ್ಸಿವೇ (ರನ್‌ವೇಗೆ ಹೋಗಿಬರುವ ದಾರಿ) ಮೇಲಿನ ಓಡಾಟಕ್ಕೆ ಹತ್ತು ನಿಮಿಷವಾದರೂ ಬೇಕು. ನಿಂತ ವಿಮಾನ ಉರುಳದಂತೆ ಚಕ್ರಕ್ಕೆ ಇಡುವ ‘ಚಾಕ್‌’ ಎಂಬ ತಡೆಯನ್ನು ತೆಗೆದ ಕ್ಷಣದಿಂದ ಮತ್ತೆ ಚಾಕ್‌ ಇಡುವ ತನಕದ ‘ಬ್ಲಾಕ್‌ ಟೈಮ್‌’ ಹೀಗೆ ಒಂದೂಕಾಲು ಗಂಟೆ ದಾಟಿ ಒಂದೂವರೆಯ ಹತ್ತಿರ ಬರುತ್ತದೆ. ವೇಳಾಪಟ್ಟಿಯಲ್ಲಿ ಅಚ್ಚಾಗುವುದು ಇದೇ.

ಮಳೆಗಾಲದ ಮಲೆನಾಡಿನದು ಬೇರೆಯೇ ಪಾಡು. ಪೈಲಟ್‌ ಹೊರಗೆ ಕಣ್ಣಾರೆ ನೋಡಿಯೇ ಹಾರಿಸುವ ‘ಕಣ್ಣಳತೆಯ ನಿಯಮ’ದಡಿ ಇಳಿಯಲು 5 ಕಿ.ಮೀ. ಗೋಚರತೆ ಬೇಕು. ಮೋಡ ಕವಿದರೆ ವಿಮಾನ ಸುತ್ತು ಹಾಕಿ, ಕೊನೆಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ತಿರುಗುತ್ತದೆ. ಆ ಇಂಧನವನ್ನು ಮೊದಲೇ ತುಂಬಿಕೊಂಡಿರಬೇಕು. ಅದರ ಭಾರಕ್ಕೆ ಕೆಲವೊಮ್ಮೆ ಸೀಟುಗಳನ್ನು ಖಾಲಿ ಬಿಡಬೇಕಾಗುತ್ತದೆ.

ಇಷ್ಟಾದರೂ ನೇರ ವಿಮಾನದ ಲಾಭ ದೊಡ್ಡದು. ಬೆಂಗಳೂರು ಮೂಲಕ ಹೋದರೆ 240 ಮತ್ತು 520, ಒಟ್ಟು 760 ಕಿ.ಮೀ. ಹೆಚ್ಚುವರಿ ದೂರಕ್ಕಿಂತ ಕಾಯುವಿಕೆಯೇ ಹೆಚ್ಚು ಕಾಡುತ್ತದೆ. ಮುಂದಿನ ವಿಮಾನ ದಿನಕ್ಕೊಂದೇ ಆಗಿದ್ದು ಅದು ತಪ್ಪಿದರೆ, ರಾತ್ರಿ ಬೆಂಗಳೂರಿನಲ್ಲೇ ಕಳೆಯಬೇಕು. ಎರಡು ಬೇರೆ ಬೇರೆ ಟಿಕೆಟ್‌ ಕೊಂಡವರಿಗಂತೂ ಹಣವೂ ಹೋದಂತೆ.

ಆದ್ದರಿಂದ ಜನಪ್ರತಿನಿಧಿಗಳು ಮೊದಲು ಬೀದರ್‌ನಲ್ಲಿ ನಾಗರಿಕ ವಿಮಾನಗಳಿಗೆ ಸಿಗುವ ಸಮಯವನ್ನು ವಾಯುಪಡೆಯಿಂದ ಖಚಿತಪಡಿಸಿಕೊಳ್ಳಲಿ. ಬಳಿಕ ಒಂದೂವರೆ ಗಂಟೆಯ ಹಾರಾಟಕ್ಕೆ ನಿಲ್ದಾಣದಲ್ಲಿ ಅರ್ಧ ಗಂಟೆ ಸೇರಿಸಿ, ಹೋಗಿಬರಲು ನಾಲ್ಕು ಗಂಟೆ ಹಿಡಿದು ವಿಮಾನಯಾನ ಸಂಸ್ಥೆಗಳ ಮುಂದೆ ಬೇಡಿಕೆ ಇಡಲಿ.

– ಓದುಗ, ಶಿವಮೊಗ್ಗ